ಎರಡು ಸಲ ಕೂಗಿದ

ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಬೆಲ್ಜಿಯಂನಿಂದ ಜರ್ಮನಿಗೆ ಸುಂಕ ತಪ್ಪಿಸಿ ಕಾಫಿ ಕದ್ದುಮುಚ್ಚಿ ತರುತ್ತಿದ್ದರು. ನಾನೂ ವಿಲ್‌ಫ್ರೀಡನೂ ಗಡಿಯಲ್ಲಿ ಸುಂಕದ ಕಾವಲಿಗಿದ್ದೆವು. ಗುಂಡು ಹಾರಿಸುವ ಮೊದಲು “ನಿಲ್ಲು, ಸುಂಕದವರು” ಅಂತ ಎರಡು ಸಲ ಕೂಗಬೇಕು, ಅದು ನಿಯಮ. ಒಂದು ರಾತ್ರಿ ಲಿಯೊನಾರ್ಡ್ ಎಂಬ ಹುಡುಗ ಕಾಫಿ ಮೂಟೆ ಹೊತ್ತು ಓಡಿದಾಗ ವಿಲ್‌ಫ್ರೀಡ್ ಒಮ್ಮೆಯೂ ಕೂಗದೆ ಗುಂಡು ಹೊಡೆದು ಕೊಂದುಬಿಟ್ಟ. ಎರಡು ಸಲ ಕೂಗಿದ ಅಂತ ವಿಚಾರಣೆಯಲ್ಲಿ ಸಹಿ ಹಾಕಿದವನು ನಾನು.

ವಿಲ್‌ಫ್ರೀಡ್ ಸತ್ತ. ಅವನ ಹಸಿರು ಸಮವಸ್ತ್ರ ಈಗ ಸುಂಕದ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿದೆ. ಬಂದವರಿಗೆ ಅದನ್ನು ತೋರಿಸುವ ಕೆಲಸ ನನ್ನದು. ಹೋದ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಲಿಯೊನಾರ್ಡನ ತಂಗಿ ಗೆರ್ಲಿಂಡ ಬಂದರು.

“ಹೂಬರ್ಟ್ ಅವರೇ, ಅವತ್ತು ನಿಜವಾಗ್ಲೂ ಕೂಗಿದ್ನಾ?”

“ಎರಡು ಸಲ ಕೂಗಿದ ಕಣಮ್ಮ. ನಿಮ್ಮಣ್ಣಂಗೆ ಕಿವಿ ಮಂದ ಇತ್ತೇನೋ.”

ಆಗ ಹುರಿದ ಕಾಫಿಯ ವಾಸನೆ ಬಂತು. ಸಮವಸ್ತ್ರದ ಕೊರಳಪಟ್ಟಿಯ ಎತ್ತರದಲ್ಲಿ ಪೆಟ್ಟಿಗೆಯ ಗಾಜು ಒಳಗಡೆಯಿಂದ ಉಸಿರು ತಾಗಿದಂತೆ ಮಸುಕಾಯಿತು.

“ನಿಲ್ಲು, ಸುಂಕದವರು.”

ಅದು ವಿಲ್‌ಫ್ರೀಡನದೇ ದನಿ. ನನ್ನ ಕೈಗಳು ತಾವಾಗಿ ಮೇಲೆದ್ದವು.

ಗೆರ್ಲಿಂಡ ನನ್ನ ಕೈಗಳನ್ನೇ ನೋಡುತ್ತ, “ಇದು ಒಂದು,” ಅಂದರು. “ಎರಡು ಅಂದ್ರಲ್ಲ, ಕಾಯ್ತೀನಿ.” ಕುರ್ಚಿ ಎಳೆದುಕೊಂಡು ಕೂತರು.

ದಿನಾ ಬರುತ್ತಾರೆ. ಎರಡನೆಯ ಕೂಗು ಇನ್ನೂ ಬಂದಿಲ್ಲ. ನಾನು ಎಲ್ಲಿ ನಿಂತರೂ ಗಾಜಿನ ಆ ಮಸುಕು ಮಾತ್ರ ನನ್ನ ಕಡೆಗೇ ಸರಿಯುತ್ತದೆ.