ಹುಡುಕಿದ ಜಾಗದಲ್ಲೇ

“ಆ ಕತ್ತರಿ ನಂದು. ಕೊಡಿ ಇಲ್ಲಿ.”

ಹೊಲಿಗೆ ಅಂಗಡಿಗೆ ಅಂದೇ ಸೇರಿದ್ದ ಕಟಿಂಗ್ ಮಾಸ್ಟರ್ ತಲೆಯೆತ್ತಿ ನೋಡಿದ. ಕಾಲರ್ ಹೊಲಿಯುವ ಹುಡುಗಿ ಕೈಚಾಚಿ ನಿಂತಿದ್ದಳು. ಅವಳ ಕಣ್ಣಲ್ಲಿ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಿತ್ತು.

“ಇದು ನಂದು ರೀ. ಆದ್ರೂ ಬೇಕಿದ್ರೆ ಇಟ್ಕೊಳ್ಳಿ,” ಎಂದು ಅವನು ಆ ಚಿಕ್ಕ ಕತ್ತರಿಯನ್ನು ಅವಳ ಕಡೆ ಚಾಚಿದ.

ಅಷ್ಟರಲ್ಲಿ ಅಂಗಡಿಯ ಯಜಮಾನಿ ಅಕ್ಕ ನಕ್ಕುಬಿಟ್ಟಳು. “ಲೇ ಮರೆಗುಳಿ, ನಿನ್ನ ಕತ್ತರಿ ನಿನ್ನ ಕೊರಳಲ್ಲೇ ತೂಗಾಡ್ತಿದೆಯಲ್ಲೇ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ಲಂತೆ.”

ಅಂಗಡಿಗೆ ಅಂಗಡಿಯೇ ನಕ್ಕಿತು. ಅವಳೂ ನಕ್ಕಳು. ಆದರೆ ಸೂಜಿಗೆ ದಾರ ಪೋಣಿಸಲು ಅವಳು ಮೂರು ಸಲ ತಪ್ಪಿದ್ದನ್ನು ನೋಡಿದವನು ಮಾಸ್ಟರ್ ಒಬ್ಬನೇ. ಅವನು ನಗಲಿಲ್ಲ.

ಹೆದರಿಕೆಗೆ ಕಾರಣ ಅವಳ ಮನೆಯಲ್ಲಿತ್ತು. ಅಮ್ಮನಿಗೂ ಹೀಗೇ ಶುರುವಾಗಿದ್ದು... ಮೊದಲು ಕನ್ನಡಕ, ಆಮೇಲೆ ಪರ್ಸು, ಆಮೇಲೆ ಮನೆಯ ದಾರಿ. “ಈಗ ತಾನೇ ಇಲ್ಲಿ ನೋಡಿದ್ನಲ್ಲೇ, ಇರ್ಲಿಲ್ಲ,” ಎನ್ನುತ್ತಿದ್ದ ಅಮ್ಮನನ್ನು ಮನೆಮಂದಿಯೆಲ್ಲ ಗೇಲಿ ಮಾಡುತ್ತಿದ್ದರು. ಈಗ ಅಮ್ಮ ಬೆಳಗೆದ್ದು ಮಗಳ ಮುಖ ನೋಡಿ, “ಯಾರಮ್ಮ ನೀನು?” ಎಂದು ಕೇಳುತ್ತಾಳೆ. ಅಮ್ಮನನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದ ಮಗಳು ಮಧ್ಯಾಹ್ನ ಓಡಿಹೋಗಿ ಊಟ ಮಾಡಿಸಿ ಬರುತ್ತಿದ್ದಳು. ಇದನ್ನು ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮಾಸ್ಟರ್ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿ ಕೊಟ್ಟರೆ ಅವಳ ಮಿಷನ್ ತಾನಾಗಿಯೇ ಓಡುತ್ತಿತ್ತು. ಅವನಿಗೊಂದು ಲೋಟ ಟೀ ಬಂದರೆ ಅರ್ಧ ಅವಳ ಮೇಜಿಗೆ ಬರುತ್ತಿತ್ತು. ಪ್ರೀತಿ ಹುಟ್ಟುವುದಕ್ಕೆ ಇನ್ನೇನು ಬೇಕು ಹೇಳಿ?

ಆದರೆ ಅದೇ ದಿನಗಳಲ್ಲಿ ಇನ್ನೊಂದು ಶುರುವಾಯಿತು.

ಟೇಪು ಕಾಣದೆ ಡ್ರಾಯರು ಜಾಲಾಡುವಳು, ಇರುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಅದೇ ಡ್ರಾಯರಿನಲ್ಲಿ ಟೇಪು ಸುತ್ತಿಕೊಂಡು ಕೂತಿರುತ್ತಿತ್ತು. ಸೂಜಿಡಬ್ಬಿಯೂ ಹಾಗೇ, ಕನ್ನಡಕವೂ ಹಾಗೇ.

‘ನೋಡಿದ್ದೆ... ಖಂಡಿತ ನೋಡಿದ್ದೆ. ಇರಲಿಲ್ಲ.’

ಅದು ಅಮ್ಮನದೇ ಮಾತು ಎಂದು ಹೊಳೆದಾಗ ಅವಳು ಡ್ರಾಯರನ್ನು ಥಟ್ಟನೆ ಮುಚ್ಚಿದಳು.

ಹಿಂದೆ ಅಮ್ಮನ ಹತ್ತಿರ ಬಟ್ಟೆ ಹೊಲಿಸುತ್ತಿದ್ದ ಹಳೆಯ ಗಿರಾಕಿಯೊಬ್ಬರು ಅವಳು ಹೊಲಿದ ಕಾಲರ್ ಸವರಿ ಮೆಚ್ಚಿಕೊಂಡರು. “ಥೇಟ್ ನಿಮ್ಮಮ್ಮನ ಕೈಯೇ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ಸುಮ್ನೆ ಹೇಳ್ತಾರಾ?”

ಅವಳು ಅಂಗಿಯನ್ನು ಅವಸರದಲ್ಲಿ ಮಡಚಿ ಕೊಟ್ಟು ಒಳಗೆ ಹೋದಳು.

ಅಂದು ಸಂಜೆಯೇ ಮಾಸ್ಟರ್ ಅವಳ ಮಿಷನ್ ಪಕ್ಕ ಬಂದು ನಿಂತ. “ನಿಮ್ಮನ್ನ ಮದುವೆ ಆಗ್ಬೇಕು ಅಂತಿದ್ದೀನಿ. ನಿಮಗೆ ಒಪ್ಪಿಗೆನಾ?”

“ಇಲ್ಲ.”

“ನನ್ನ ಕಂಡ್ರೆ ಇಷ್ಟ ಇಲ್ವಾ?”

ಅವಳು ಪೆಡಲ್ ತುಳಿದಳು. ಮಿಷನ್ ಓಡುತ್ತಿತ್ತು, ಸೂಜಿಯಲ್ಲಿ ದಾರವೇ ಇರಲಿಲ್ಲ.

ಅವನು ಬೇರೆ ಕಡೆ ಕೆಲಸ ನೋಡಿಕೊಂಡ. ಹೊರಡುವ ದಿನ ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಾಗ, ಅವಳ ಮೇಜಿನ ಹತ್ತಿರ ಬಂದವನು ಅಲ್ಲೇ ನಿಂತುಬಿಟ್ಟ. ಅವಳು ಡ್ರಾಯರನ್ನು ನೆಲಕ್ಕೆ ಸುರಿದುಕೊಂಡು ಅಳುತ್ತಾ ಕೂತಿದ್ದಳು.

“ಮನೆ ಕೀ ಕಾಣ್ತಿಲ್ಲ ಮಾಸ್ಟ್ರೇ. ಒಳಗೆ ಅಮ್ಮ ಒಬ್ಳೇ ಇದ್ದಾಳೆ. ಅವಳಿಗೆ ಏನೂ ತಿಳಿಯಲ್ಲ...”

ಅವನು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಕೀ ಇತ್ತು.

“ಇಸ್ತ್ರಿ ಮೇಜಿನ ಮೇಲಿತ್ತು. ಯಾವಾಗ್ಲೂ ಹಾಕೋ ಹಾಗೆ ನಿಮ್ಮ ಡ್ರಾಯರಿಗೆ ಹಾಕೋಣ ಅಂತ ಬಂದೆ.”

“ಯಾವಾಗ್ಲೂ?”

“ಸಿಕ್ಕಿದ್ದನ್ನೆಲ್ಲ ಯಾರಿಗೂ ಕಾಣದ ಹಾಗೆ ಅಲ್ಲೇ ಇಡ್ತಿದ್ದೆ. ಎಲ್ರೂ ನಿಮ್ಮನ್ನ ನೋಡಿ ನಗೋದು ನಂಗೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ.”

ಅವಳಿಗೆ ಸಿಟ್ಟು ಉಕ್ಕಿ ಬಂತು. “ಅಮ್ಮನ ಕಾಯಿಲೆ ನಂಗೂ ಬಂತು ಅಂದ್ಕೊಂಡೆ ರೀ. ನಿದ್ದೆ ಬಿಟ್ಟು ಸತ್ತಿದ್ದೀನಿ. ನಿಮಗೆ ಇಲ್ಲ ಅಂದಿದ್ದೂ ಅದಕ್ಕೇ.”

ಅವನು ಕೀಯನ್ನು ಅವಳ ಕೈಯಲ್ಲಿಟ್ಟ. “ತಪ್ಪಾಯ್ತು.”

ಅವಳು ಕೀಯನ್ನೇ ದಿಟ್ಟಿಸಿದಳು. ಸಿಟ್ಟು ಇಳಿದ ಜಾಗದಲ್ಲಿ ಹಳೆಯ ಭಯ ಮೆಲ್ಲಗೆ ಬಂದು ಕೂತಿತು. “ಆದ್ರೆ ಇದನ್ನ ಇಸ್ತ್ರಿ ಮೇಜಿನ ಮೇಲೆ ಇಟ್ಟಿದ್ದು ನಾನೇ ಅಲ್ವಾ? ನಂಗೆ ನೆನಪೇ ಇಲ್ಲ.”

ಅವನು ಸುಳ್ಳು ಸಮಾಧಾನ ಹೇಳಲಿಲ್ಲ. “ಮೊದ್ಲು ಅಮ್ಮನ ಹತ್ರ ಹೋಗೋಣ ಬನ್ನಿ,” ಎಂದ.

ಇಬ್ಬರೂ ಓಡಿದರು. ಕದ ತಟ್ಟಿದರೆ ಒಳಗಿಂದ ಸದ್ದಿಲ್ಲ. ಬೀಗ ತೆಗೆಯುವಾಗ ಅವಳು ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಮ್ಮ ಬಾಗಿಲ ಹಿಂದೆಯೇ ಮೊಣಕಾಲು ತಬ್ಬಿ ಕೂತಿದ್ದಳು. ಮಗಳನ್ನು ನೋಡಿದಳು, ಅವನನ್ನು ನೋಡಿದಳು.

“ಇವರ್ಯಾರು?”

ಮಗಳು ಅಮ್ಮನ ಪಕ್ಕ ಕೂತು ಕೈ ಹಿಡಿದುಕೊಂಡಳು. “ನನ್ನ ಮದುವೆ ಆಗೋರು ಅಮ್ಮ.”

ಅಮ್ಮ ತಲೆಯಾಡಿಸಿದಳು. ಅವನು ಹೊಸ್ತಿಲಲ್ಲೇ ಕೂತುಬಿಟ್ಟ. ಅವನ ಕಣ್ಣು ತುಂಬಿತ್ತು.

“ನಾಳೆ ಮತ್ತೆ ಕೇಳ್ತಾಳೆ,” ಎಂದಳು ಅವಳು.

“ಕೇಳ್ಲಿ. ಮತ್ತೆ ಹೇಳು.”

“ಒಂದಿನ ನಾನೂ ಕೇಳಿದ್ರೆ...?”

“ಆಗ ನಾನು ಹೇಳ್ತೀನಿ.”