ಕೀಳದ ಮುಳ್ಳು

"ಮುಳ್ಳು ಕೀಳಲ್ವಾ ಅಕ್ಕ?" ಚೈತ್ರ ಕೇಳಿದಳು.

ಆಂಬುಲೆನ್ಸಿನಲ್ಲಿ ಬಂದ ನರ್ಸ್ ರೂಪಶ್ರೀ ತಲೆಯಾಡಿಸಿದರು. "ಇಲ್ಲಿ ಕೀಳಬಾರ್ದು ಪುಟ್ಟಿ."

ಚೈತ್ರಳ ತಾತ ಕಂಠಪ್ಪ ಹೊಲದ ಬದುವಿನಲ್ಲಿ ಹಲ್ಲು ಕಚ್ಚಿಕೊಂಡು ಕುಳಿತಿದ್ದರು. ಹಸು ಅಟ್ಟಲು ಹೋಗಿ, ಜಾರಿ ಕತ್ತಾಳೆ ಬೇಲಿಯ ಮೇಲೆ ಬಿದ್ದಿದ್ದರು. ದಪ್ಪನೆಯ ಮುಳ್ಳೊಂದು ಮಂಡಿಯ ಪಕ್ಕ ಆಳಕ್ಕೆ ಇಳಿದಿತ್ತು. ಅದರ ಬುಡ ಮಾತ್ರ ಹೊರಗೆ ಕಾಣುತ್ತಿತ್ತು.

ತಾತನ ಮೊಬೈಲಿನಿಂದ ಫೋನ್ ಮಾಡಿ ಆಂಬುಲೆನ್ಸ್ ಕರೆಸಿದ್ದು ಚೈತ್ರಳೇ. ಒಂದು ಇಕ್ಕಳ ಸಿಕ್ಕರೆ ಎರಡು ನಿಮಿಷದ ಕೆಲಸ ಎಂದು ಪಕ್ಕದ ಹೊಲದ ತಿಮ್ಮಯ್ಯ ಆಗಿನಿಂದಲೂ ಗೊಣಗುತ್ತಿದ್ದರು. ಈಗ ಅವಳ ಕಿವಿಯ ಹತ್ತಿರ ಬಗ್ಗಿದರು.

"ಈಯಮ್ಮಂಗೆ ಕೀಳಾಕೆ ಬರಾಕಿಲ್ಲ ಕಣವ್ವ. ಅದ್ಕೇ ಅಂಗಂತಾಳೆ."

ಚೈತ್ರಳಿಗೂ ಹಾಗೇ ಅನ್ನಿಸಿತು. ರೂಪಶ್ರೀ ನೋಡಲು ಕಾಲೇಜು ಹುಡುಗಿಯ ಹಾಗಿದ್ದರು. ಗ್ಲೌಸ್ ಹಾಕಿಕೊಂಡು, ಕಾಲ್ಬೆರಳು ಆಡಿಸಲು ತಾತನಿಗೆ ಹೇಳಿದರು. ಮುಳ್ಳಿನ ಎರಡೂ ಪಕ್ಕ ಬಟ್ಟೆಯ ಸುರುಳಿ ಇಟ್ಟು ಬ್ಯಾಂಡೇಜ್ ಸುತ್ತಿದರು. ಮುಳ್ಳನ್ನು ಮಾತ್ರ ಮುಟ್ಟಲೇ ಇಲ್ಲ.

ಅಂತರಸಂತೆ ದಾಟಿ ಆಂಬುಲೆನ್ಸ್ ಕೋಟೆ ಪಟ್ಟಣದ ಆಸ್ಪತ್ರೆಯ ಕಡೆ ಓಡಿತು. ತಿಮ್ಮಯ್ಯ ಮುಂದೆ ಡ್ರೈವರ್ ಪಕ್ಕ ಕುಳಿತಿದ್ದರು. ಹಿಂದೆ ಚೈತ್ರ ರೂಪಶ್ರೀಯನ್ನೇ ನೋಡುತ್ತಿದ್ದಳು. ಅವರು ತಾತನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತಿದ್ದರು. ತಮ್ಮ ಮೊಬೈಲ್ ಎರಡು ಸಲ ರಿಂಗಾದರೂ ಎತ್ತಲಿಲ್ಲ.

ತಾತ ನರಳಿದರು. ಚೈತ್ರಳಿಗೆ ತಡೆಯಲಾಗಲಿಲ್ಲ.

"ನಿಮ್ಗೆ ಕೀಳೋಕೆ ಬರಲ್ಲ ಅಲ್ವಾ?"

ರೂಪಶ್ರೀ ಸಿಟ್ಟಾಗಲಿಲ್ಲ. "ಎಳೆದ್ರೆ ತುದಿ ಮುರಿದು ಒಳಗೇ ಉಳ್ಕೋಬಹುದು. ಎಷ್ಟು ಆಳಕ್ಕೆ ಹೋಗಿದ್ಯೋ ನಂಗೆ ಗೊತ್ತಿಲ್ಲ."

ಗೊತ್ತಿಲ್ಲವಂತೆ! ಚೈತ್ರಳ ಅನುಮಾನ ಇನ್ನೂ ಗಟ್ಟಿಯಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಸ್ಕ್ಯಾನ್ ಮಾಡಿ ನೋಡಿದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ವಲ್ಪವೇ ಕೊಯ್ದು ಮುಳ್ಳನ್ನು ತೆಗೆದರು. ಆಮೇಲೆ ಹೊರಗೆ ಬಂದು, ಬಟ್ಟಲಿನಲ್ಲಿದ್ದ ಮುಳ್ಳನ್ನು ತಿಮ್ಮಯ್ಯನವರಿಗೆ ತೋರಿಸಿದರು. ಅದು ಚೈತ್ರಳ ಕಿರುಬೆರಳಿನಷ್ಟು ಉದ್ದವಿತ್ತು. ತುದಿ ಕೀಲಿನ ಹತ್ತಿರವೇ ಹೋಗಿ ನಿಂತಿತ್ತಂತೆ. ಜಗ್ಗಾಡದೆ ಹಾಗೇ ಕರೆತಂದಿದ್ದು ಒಳ್ಳೆಯದಾಯಿತು ಎಂದರು.

ತಿಮ್ಮಯ್ಯ ಬಟ್ಟಲಿನ ಮೇಲೆ ಬಗ್ಗಿ, ಮುಳ್ಳಿನ ಪಕ್ಕ ತಮ್ಮ ಬೆರಳಿಟ್ಟು ಅಳೆದರು.

ಚೈತ್ರ ತಿರುಗಿ ನೋಡಿದಳು. ರೂಪಶ್ರೀ ಬೆಂಚಿನ ಮೇಲೆ ಕುಳಿತು ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದರು. ದಾರಿಯಲ್ಲಿ ಎಷ್ಟೊಂದು ಹಳ್ಳ ಬಿದ್ದಿದ್ದವು. ಆಂಬುಲೆನ್ಸ್ ಎಗರಿದಾಗಲೆಲ್ಲ ಚೈತ್ರಳ ತಲೆ ಅಲುಗಿತ್ತು, ನಡುವಿನ ಕಿಟಕಿಯಾಚೆ ತಿಮ್ಮಯ್ಯನವರ ಟವೆಲ್ ಜಾರಿತ್ತು. ತಾತನ ಕಾಲು ಮಾತ್ರ ಅಲುಗಿರಲಿಲ್ಲ.

ಅವಳು ಹತ್ತಿರ ಹೋಗಿ ತನ್ನ ನೀರಿನ ಬಾಟಲಿ ಚಾಚಿದಳು. ಮುಚ್ಚಳ ತಿರುಗಿಸಲು ರೂಪಶ್ರೀಯ ಬೆರಳುಗಳಿಗೆ ಆಗಲಿಲ್ಲ.

"ಕೊಡಿ ಅಕ್ಕ," ಎಂದು ಚೈತ್ರಳೇ ತೆಗೆದುಕೊಟ್ಟಳು.