ಒದ್ದೆ ಬಟ್ಟೆಯ ಹರಕೆ

ಕಾರ್ತಿಕದ ಚಳಿ ಶುರುವಾಗಿತ್ತು. ಗುಬ್ಬಿಯಿಂದ ಕುಣಿಗಲ್ ಕಡೆಗೆ ಹೋಗುವ ಡಾಂಬರು ರಸ್ತೆಯ ಮೇಲೆ ಹನುಮಂತಮ್ಮ ರಾಗಿ ತೆನೆ ಹರಡುತ್ತಿದ್ದಳು. ಹೋಗಿ ಬರುವ ಲಾರಿಗಳೇ ಕಣದ ಕೆಲಸ ಮಾಡಿಕೊಡುತ್ತಿದ್ದವು. ಅವಳ ಹೊಲದ ಬದುವಿನಾಚೆ, ಲಂಟಾನ ಪೊದೆಗಳ ನಡುವೆ, ಹಳೆಯ ಕಲ್ಲು ಕ್ವಾರಿ. ಕಲ್ಲು ಒಡೆಯುವುದು ನಿಂತು ವರ್ಷಗಳಾಗಿ, ಅದರಲ್ಲಿ ನೂರು ಅಡಿಗೂ ಮಿಕ್ಕಿ ಕಡುಹಸಿರು ನೀರು ನಿಂತಿತ್ತು. ಎರಡು ಹಳ್ಳಿಗಳು ಕುಡಿಯುವುದು ಅದೇ ನೀರನ್ನು. ಹಿಂದಿನ ವಾರ ನೀರೆತ್ತುವ ಎರಡು ತೆಪ್ಪಗಳಲ್ಲಿ ಒಂದು ಮಗುಚಿ, ಅದರ ಮೇಲಿದ್ದ ಡೀಸೆಲ್ ಎಂಜಿನ್ ತಳ ಸೇರಿತ್ತು. ಅಂದಿನಿಂದ ನಲ್ಲಿ ತಿರುಗಿಸಿದರೆ ಎಣ್ಣೆಯ ವಾಸನೆ.

ಅದನ್ನು ಮೇಲೆತ್ತಲು ಮೂವರು ಬಂದಿದ್ದರು. ಮುಳುಗುವವನು ಕುಣಿಗಲ್ಲಿನ ಭೀಮರಾಜ್, ಕೆರೆ ತೂಬುಗಳ ರಿಪೇರಿಯಲ್ಲಿ ಪಳಗಿದವನು. ಜೀಪು, ಹಗ್ಗ, ರಾಟೆ ಕೃಷ್ಣಕುಮಾರನವು. ಮೂರನೆಯವಳು ತುಮಕೂರಿನ ಸದಾಶಿವನಗರದ ನಂದಿತಾ. ಆಳಕ್ಕಿಳಿದವರ ರಕ್ತದಲ್ಲಿ ಗಾಳಿ ಹೇಗೆ ಕರಗುತ್ತದೆ, ಮೇಲೆ ಬರುವಾಗ ಅದು ಹೇಗೆ ಗುಳ್ಳೆಯಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಸಂಶೋಧನೆ.

ಹಗ್ಗಕ್ಕೆ ಅಲ್ಲಲ್ಲಿ ಕೆಂಪು ಸೀರೆಯ ಚೂರು ಕಟ್ಟಿದ್ದಳು. ಏರುವಾಗ ಪ್ರತಿ ಗಂಟಿನ ಬಳಿಯೂ ಭೀಮರಾಜ್ ತಡೆದು ನಿಂತು ಬರಬೇಕು. ಈ ಸೀಮೆ ಸಮುದ್ರಕ್ಕಿಂತ ಎಷ್ಟೋ ಎತ್ತರ, ಗಾಳಿಯ ಒತ್ತಡ ಕಡಿಮೆ ಎಂದು ನಿಲ್ಲುವ ಹೊತ್ತನ್ನೂ ಹೆಚ್ಚಿಸಿದ್ದಳು.

"ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿರೋದು ಏನೂ ಇಲ್ಲ, ಭೀಮಣ್ಣ."

"ನೀವೇಳಿದ್ ಮೇಲೆ ಮುಗೀತು ಬುಡಿ, ಮೇಡಂ," ಎಂದು ಭೀಮರಾಜ್ ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದು ನೀರಿಗಿಳಿದ.

ಹಗ್ಗ ಸರಸರ ಇಳಿಯಿತು. ನಿಂತಿತು.

ಕೊಕ್ಕೆ ಸಿಕ್ಕಿಸಿದ ಮೇಲೆ ಅವನು ಎರಡು ಸಲ ಜಗ್ಗಬೇಕಿತ್ತು. ಜಗ್ಗಲಿಲ್ಲ.

"ಏನ್ ಮಾಡ್ತಾವ್ನೆ ಇವ್ನು?" ಕೃಷ್ಣಕುಮಾರ್ ನೀರಿಗೆ ಬಗ್ಗಿದ.

ನಂದಿತಾ ಮತ್ತೆ ಮತ್ತೆ ಗಡಿಯಾರ ನೋಡಿದಳು. ಹನುಮಂತಮ್ಮ ಹಳದಿ ಬಟ್ಟೆಯ ತುಂಡೊಂದನ್ನು ತಂದು ಅವಳ ಕೈಗಿಟ್ಟಳು.

"ದೇವ್ರಾಯನದುರ್ಗದ ನರಸಿಂಹಸ್ವಾಮಿಗೆ ಮುಡಿಪು ಕಟ್ಟವ್ವ. ಎದ್ದು ಬಂದ್ರೆ, ಮೈಮೇಲಿನ ಬಟ್ಟೆ ಆರೋದ್ರೊಳ್ಗೆ ಇವ್ನನ್ನ ಬೆಟ್ಟುಕ್ ಕರ್ಕಂಡ್ ಬತ್ತೀನಿ ಅನ್ನು. ನಮ್ಮನೇಲಿ ಅಂಗೇ ನಡ್ಕಂಡ್ ಬಂದದೆ."

ನಂದಿತಾ ನಾಣ್ಯವಿಟ್ಟು ಕಟ್ಟಿದಳು. ಗಂಟು ಬಿಗಿಯುವಷ್ಟರಲ್ಲಿ ಹಗ್ಗ ಎರಡು ಸಲ ಜಗ್ಗಿತು.

ರಾಟೆ ಕಿರುಗುಟ್ಟಿ ಎಂಜಿನ್ ದಡ ಸೇರಿತು. ಭೀಮರಾಜ್ ಪ್ರತಿ ಗಂಟಿನಲ್ಲೂ ನಡುಗುತ್ತ ನಿಂತು, ಹೇಳಿದಷ್ಟೂ ಹೊತ್ತು ಕಾದು, ಮೇಲೆ ಬಂದ. ದಡದಲ್ಲಿ ನೆರೆದಿದ್ದ ಊರಿನ ಜನ ಶಿಳ್ಳೆ ಹೊಡೆದರು. ಜೀಪಿನ ಬಾಗಿಲು ತೆರೆದವಳು ನಂದಿತಾಳೇ.

"ಹತ್ತಿ ಭೀಮಣ್ಣ, ಬಟ್ಟೆ ಆರೋಕ್ ಮುಂಚೆ ಹರಕೆ ತೀರಿಸೋಣ."

ಶಿರಾ ಗೇಟ್‌ನಲ್ಲಿ ಕೃಷ್ಣಕುಮಾರ್ ಚಿಪ್ಸ್ ಪ್ಯಾಕೆಟ್ ಒಂದನ್ನು ಕೊಂಡು ಸ್ಟೇರಿಂಗಿನ ಮುಂದೆ ಎಸೆದ. ತುಮಕೂರು ಹಿಂದೆ ಬಿತ್ತು. ದೇವರಾಯನದುರ್ಗದ ಕಾಡು ಎರಡೂ ಕಡೆಯಿಂದ ರಸ್ತೆಗೆ ಬಾಗಿತ್ತು. ಕಮರ, ಜಾಲಿ, ಬಂಡೆಯ ಸಂದಿನಲ್ಲಿ ಬೇರಿಳಿಸಿದ ಅತ್ತಿ. ಒಂದೊಂದು ತಿರುವಿಗೂ ಬಯಲು ಕೆಳಗಿಳಿಯುತ್ತ, ಕೆರೆಗಳು ತಟ್ಟೆಗಳಷ್ಟಾಗಿ, ತೆಂಗಿನ ತೋಟಗಳು ಹಸಿರು ಮಚ್ಚೆಗಳಾದವು.

"ಭುಜ ಯಾಕೋ ಹಿಡ್ಕಂಡದೆ," ಎಂದ ಭೀಮರಾಜ್ ಹಿಂದಿನಿಂದ.

"ಎಂಜಿನ್ ಎತ್ತಿದ್ದು ರಾಟೆ ಕಣ್ಲಾ, ನೀನಲ್ಲ!" ಕೃಷ್ಣಕುಮಾರ್ ನಕ್ಕ.

ನಂದಿತಾಳೂ ನಕ್ಕಳು. ನಗುವಾಗ ಅವಳ ಕಿವಿ ಟಪ್ಪೆಂದಿತು. ಕಣ್ಣು ಮುಂದಿದ್ದ ಪ್ಯಾಕೆಟ್ಟಿನ ಮೇಲೆ ಬಿತ್ತು. ಶಿರಾ ಗೇಟ್‌ನಲ್ಲಿ ಸುಕ್ಕುಸುಕ್ಕಾಗಿದ್ದದ್ದು ಈಗ ಉಬ್ಬಿ ಬಿಗಿದು ನಿಂತಿತ್ತು.

ಹೊರಗಿನ ಒತ್ತಡ ಇಳಿದಿದೆ. ಒಳಗಿನ ಗಾಳಿ ಹಿಗ್ಗಿದೆ. ಭೀಮರಾಜನ ಮೈಯೊಳಗೂ.

ಅವಳ ಲೆಕ್ಕ ನೀರಿನ ಮಟ್ಟಕ್ಕೆ ಬಂದು ಮುಗಿದಿತ್ತು. ಅಲ್ಲಿಂದಾಚೆ ಅವನನ್ನು ಬೆಟ್ಟಕ್ಕೆ ಹತ್ತಿಸಿದವಳು ಅವಳೇ.

"ತಿರುಗ್ಸಿ! ಕೆಳಗೆ ಹೋಗ್ಬೇಕು!"

"ಇನ್ನೊಂದೇ ತಿರುವು ಮೇಡಂ, ಹರಕೆ..."

"ಒಂದಡಿನೂ ಮೇಲೆ ಬೇಡ! ರಿವರ್ಸ್!"

ಜೀಪು ಹಿಂದಕ್ಕೆ ಸರಿಯಿತು. ಹಿಂದೆ ಬಸ್ಸು ಅರಚಿತು. ಚಕ್ರ ಅಂಚಿಗೆ ತಾಗಿ ಕಲ್ಲುಗಳು ಕಮರಿಗೆ ಉರುಳಿದವು. ಕೃಷ್ಣಕುಮಾರ್ ಹಲ್ಲು ಕಚ್ಚಿ ಸ್ಟೇರಿಂಗ್ ತಿರುವಿದ. ಜೀಪಿನ ಮೂತಿ ಇಳಿಜಾರಿಗೆ ತಿರುಗಿತು.

ನಂದಿತಾ ಹಿಂದಕ್ಕೆ ದಾಟಿ ಭೀಮರಾಜನನ್ನು ಮಲಗಿಸಿ, ಜೊತೆಗೆ ತಂದಿದ್ದ ಆಕ್ಸಿಜನ್ ಸಿಲಿಂಡರಿನ ಮಾಸ್ಕ್ ಮುಖಕ್ಕೊತ್ತಿದಳು.

"ಎಡಗಾಲು ಎತ್ತಿ."

"ಎತ್ತುದ್ನಲ್ಲ, ಮೇಡಂ."

ಕಾಲು ಅಲುಗಿರಲಿಲ್ಲ.

ಅವನು ಮಾಸ್ಕ್ ಸರಿಸಿದ. "ಗಂಟಿನ ತಾವ ನಾನೇ ಬೇಗ ಬಿಟ್ನೇನೋ. ತಪ್ಪು ನಂದೇ ಇರ್ಬೇಕು, ನಿಮ್ ಲೆಕ್ಕುದ್ದಲ್ಲ."

ಹೂಂ ಅಂದುಬಿಟ್ಟರೆ ಆಗುತ್ತಿತ್ತು. ಆ ಯೋಚನೆ ಬಂದದ್ದಕ್ಕೇ ಅವಳ ಮುಖ ಬಿಸಿಯಾಯಿತು.

"ಇಲ್ಲ. ನೀವು ಸರಿಯಾಗೇ ನಿಂತ್ರಿ. ಬೆಟ್ಟ ಹತ್ತಬಾರ್ದು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಆ ಗಳಿಗೇಲಿ ಮರ್ತು ಹತ್ತಿಸ್ದೆ."

ಭೀಮರಾಜ್ ಅವಳನ್ನೊಮ್ಮೆ ನೋಡಿ, ಕಣ್ಣು ಮುಚ್ಚಿದ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವನನ್ನು ಒತ್ತಡದ ಕೋಣೆಯೊಳಗೆ ಮಲಗಿಸಿದರು. ಗುಳ್ಳೆಗಳು ಮತ್ತೆ ರಕ್ತದಲ್ಲಿ ಕರಗುವಷ್ಟು ಒತ್ತಿ, ನಿಧಾನವಾಗಿ ಬಿಟ್ಟರು. ಗುಂಡು ಗಾಜಿನ ಕಿಟಕಿಯಾಚೆ ಅವನ ಹೆಬ್ಬೆರಳು ಅಲುಗಿದ್ದನ್ನು ಮೊದಲು ಕಂಡವನು ಕೃಷ್ಣಕುಮಾರ್. ಅವನು ಅಷ್ಟು ದೊಡ್ಡ ಆಳು, ಗೋಡೆಗೆ ಹಣೆಯಿಟ್ಟು ಅತ್ತ.

ರಾಗಿ ಒಕ್ಕಣೆ ಮುಗಿಯುವ ಹೊತ್ತಿಗೆ ಮೂವರೂ ಕ್ವಾರಿಯ ಊರಿಗೆ ಬಂದರು. ಭೀಮರಾಜ್ ನಡೆದೇ ಬಂದ, ಎಡಗಾಲನ್ನು ಸ್ವಲ್ಪ ಎಳೆಯುತ್ತ. ಹನುಮಂತಮ್ಮ ನಲ್ಲಿಯಿಂದ ಚೊಂಬಿನ ತುಂಬ ನೀರು ಹಿಡಿದು ಕೊಟ್ಟಳು. ಅವನು ಮೂಸಿ ನೋಡಿ, ಗಟಗಟ ಕುಡಿದ.

"ಎಣ್ಣೆ ನಾತ ಇಲ್ಲ," ಎಂದು ಮೀಸೆ ಒರೆಸಿಕೊಂಡ.

"ಹರಕೆ ತೀರ್ತಾ, ಮಗಾ?" ಹನುಮಂತಮ್ಮ ಕೇಳಿದಳು.

ನೆರೆದವರೆಲ್ಲ ನಂದಿತಾಳ ಕಡೆ ನೋಡಿದರು. ಅವಳು ನೆಲ ನೋಡುತ್ತ, ಹತ್ತಿಸಿದ್ದನ್ನೂ ಇಳಿಸಿದ್ದನ್ನೂ ಹೇಳಿದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈಗ್ ಹೋಗ್ಬೋದಾ ಬೆಟ್ಟುಕ್ಕೆ?" ಭೀಮರಾಜ್ ಕೇಳಿದ. "ಎಲ್ಲಿಗೋದ್ರೂ ನಿಮ್ಮುನ್ನೇ ಕೇಳ್ಬೇಕಲ್ಲ ಇನ್ಮೇಲೆ."

ಅದು ತಮಾಷೆಯೇ. ಅವಳಿಗೆ ನಗಲಾಗಲಿಲ್ಲ.

"ಡಾಕ್ಟರು ಹೂಂ ಅನ್ಲಿ, ಭೀಮಣ್ಣ. ನಾನು ಹೇಳೋದು ಬೇಡ."

ಹಳದಿ ಗಂಟು ಅವಳ ಬ್ಯಾಗಿನಲ್ಲಿ ಹಾಗೇ ಇತ್ತು.